ವಿಜ್ಞಾನ ಕೊಠಡಿಯ ಚಾರ್ಟ್ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಪ್ರದರ್ಶನದಲ್ಲಿ ಬಹುಮಾನ ಗಳಿಸಿದ ‘ಭೀಮ್‌ಬೆಟ್ಕಾದ ಡಿಕಿನ್ಸೋನಿಯಾ’ (ಡಿಕಿನ್ಸೋನಿಯಾ ಎಂದರೆ ಕೋಟ್ಯಂತರ ವರ್ಷ ಹಿಂದೆ ಸಮುದ್ರದಲ್ಲಿದ್ದ ಒಂದು ಜೀವಿ) ಚಾರ್ಟಿನ ಮೇಲೆ ನಮ್ಮ ವಿಜ್ಞಾನ ಶಿಕ್ಷಕಿ ತಿದ್ದುಪಡಿ ಚೀಟಿ ಅಂಟಿಸಿದ್ದಾರೆ ಎಂದು ನಿಮ್ಮಲ್ಲಿ ಕೆಲವರು ಕಚೇರಿಗೆ ಬಂದು ಬೇಸರ ತೋಡಿಕೊಂಡಿರಿ. ನಿದ್ದೆಗೆಟ್ಟು ಬರೆದ ಮಕ್ಕಳಿಗೆ ಎಲ್ಲರೆದುರು ಅವಮಾನವಾಯಿತು ಎಂಬ ನಿಮ್ಮ ಮಾತು ನನಗೂ ತಾಕಿದೆ.

ಬಹುಮಾನ ಮಕ್ಕಳದ್ದೇ. ಪ್ರಮಾಣಪತ್ರವನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ, ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಆದರೆ ಚೀಟಿಯನ್ನು ಕೀಳಿಸಲಾರೆ.

ಮಕ್ಕಳು ಬರೆದದ್ದು 2021ರಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿಯನ್ನೇ. ಭೋಪಾಲದ ಬಳಿಯ ಭೀಮ್‌ಬೆಟ್ಕಾ ಗುಹೆಯ ಚಾವಣಿಯಲ್ಲಿ, ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾದ ಪಳೆಯುಳಿಕೆ ಸಿಕ್ಕಿತೆಂದು ವಿಜ್ಞಾನಿಗಳೇ ಪ್ರಕಟಿಸಿದ್ದರು. ಚಪ್ಪಟೆಯಾದ ಅಂಡಾಕಾರದ ಮೈ, ಬಾಳೆ ಎಲೆಯಲ್ಲಿರುವಂತೆ ನಡುಗೆರೆಯಿಂದ ಎರಡೂ ಬದಿಗೆ ಹಾಯ್ದ ಪಟ್ಟಿಗಳು: ಚಿತ್ರ ಹಾಗೆಯೇ ಕಾಣುತ್ತಿತ್ತು. ಬೇರೊಂದು ತಂಡ ಅಲ್ಲಿಗೆ ಹೋಗಿ ನೋಡಿದಾಗ ಆ ‘ಪಳೆಯುಳಿಕೆ’ ಬಂಡೆಯಿಂದ ಕಳಚಿ ಉದುರತೊಡಗಿತ್ತು. ಅದು ಹೆಜ್ಜೇನು ಗೂಡಿನ ಗುರುತು ಎಂದು ಅವರು 2023ರಲ್ಲಿ ಪ್ರಕಟಿಸಿದರು. ಮೊದಲು ಬರೆದ ವಿಜ್ಞಾನಿಯೂ ಒಪ್ಪಿಕೊಂಡರು. ಅವರೇ ಒಪ್ಪಿದ ಮೇಲೆ ನಮ್ಮ ಗೋಡೆ ಹಟ ಹಿಡಿಯುವುದು ಸರಿಯೇ?

ದೇಶದ ಹೆಮ್ಮೆಗೆ ಮಸಿ ಬಳಿದಿರಿ ಎಂದೂ ಒಬ್ಬರು ಹೇಳಿದರು. ಹಾಗೇನೂ ಇಲ್ಲ. ಅದೇ ವಿಂಧ್ಯ ಶಿಲೆಗಳ ಚಿತ್ರಕೂಟದಲ್ಲಿ ಕೆಂಪು ಪಾಚಿಯನ್ನು ಹೋಲುವ, ಸುಮಾರು 160 ಕೋಟಿ ವರ್ಷ ಹಳೆಯ ಬಹುಕೋಶ ಪಳೆಯುಳಿಕೆಗಳನ್ನು ಸ್ವೀಡನ್ನಿನ ವಿಜ್ಞಾನಿಗಳು 2017ರಲ್ಲಿ ವರದಿ ಮಾಡಿದರು. ಎಕ್ಸ್-ಕಿರಣಗಳಿಂದ ಕೋಶಗಳ ಒಳಗನ್ನೇ ನೋಡಿದ್ದರು. ಇನ್ನು ಡಿಕಿನ್ಸೋನಿಯಾ ಪ್ರಾಣಿಯೇ ಎಂಬ ವಾದಕ್ಕೆ ದೊಡ್ಡ ಬಲ ಬಂದದ್ದು 2018ರಲ್ಲಿ, ರಷ್ಯಾದ ಶ್ವೇತ ಸಮುದ್ರದ ದಡದ ಮಾದರಿಗಳಲ್ಲಿ ಕೊಲೆಸ್ಟ್ರಾಲ್‌ನ ಅವಶೇಷ ಸಿಕ್ಕಾಗ; ಕೊಲೆಸ್ಟ್ರಾಲ್ ಪ್ರಾಣಿಗಳ ಕೋಶಗಳಲ್ಲಿ ಹೇರಳವಾಗಿರುವ ಕೊಬ್ಬಿನಂಥ ವಸ್ತು. ಬರೀ ಆಕಾರ ನೋಡಿ ತೀರ್ಮಾನಿಸುವುದಕ್ಕೂ ಇದಕ್ಕೂ ಅಜಗಜಾಂತರ. ಶಿಕ್ಷಕಿ ಚೀಟಿಯಲ್ಲಿ ಬರೆದಿರುವುದೂ ಇಷ್ಟೇ. ‘ತಪ್ಪು’ ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ, ದಯವಿಟ್ಟು ಬಂದು ಓದಿ.

ಶಿಕ್ಷಕರು ಒಮ್ಮೆ ಹೇಳಿದ್ದನ್ನು ಬದಲಿಸಿದರೆ ಮಕ್ಕಳಿಗೆ ಗೌರವ ಉಳಿಯುವುದಿಲ್ಲ ಎಂಬ ಆತಂಕಕ್ಕೆ ಇಂಗ್ಲೆಂಡಿನ ಒಂದು ಘಟನೆ ಹೇಳಬೇಕು. 1956ರಲ್ಲಿ ಟೀನಾ ನೇಗಸ್ ಎಂಬ ಶಾಲಾ ಬಾಲಕಿ ಚಾರ್ನ್‌ವುಡ್‌ನ ಬಂಡೆಯಲ್ಲಿ ಗರಿಯಂಥ ಗುರುತು ಕಂಡು ಶಾಲೆಯಲ್ಲಿ ಹೇಳಿದಳು. ಅಷ್ಟು ಹಳೆಯ ಬಂಡೆಯಲ್ಲಿ ಪಳೆಯುಳಿಕೆ ಇರುವುದಿಲ್ಲ ಎಂದು ಶಿಕ್ಷಕಿ ತಳ್ಳಿಹಾಕಿದರು. ಮರುವರ್ಷ ರೋಜರ್ ಮೇಸನ್ ಎಂಬ ವಿದ್ಯಾರ್ಥಿ ಅದನ್ನೇ ಕಂಡ. ಅದು ‘ಚಾರ್ನಿಯಾ ಮೇಸೋನಿ’ ಎಂದು ಅವನ ಹೆಸರಿನಲ್ಲಿ ದಾಖಲಾಯಿತು. ಎಡಿಯಾಕರನ್ ಕಾಲದ, ಅಂದರೆ ಡಿಕಿನ್ಸೋನಿಯಾ ಬದುಕಿದ್ದ ಕಾಲದ, ಜೀವಿಗಳಲ್ಲಿ ಇಂದಿಗೂ ಅದು ಮುಖ್ಯವಾದದ್ದು. ಆ ಶಿಕ್ಷಕಿಯನ್ನು ದೂರುವಂತಿಲ್ಲ, ಅಂದಿನ ಪುಸ್ತಕಗಳು ಹಾಗೆಯೇ ಹೇಳುತ್ತಿದ್ದವು. ಆದರೂ ನಮ್ಮ ಶಾಲೆಯ ಮಕ್ಕಳಿಗೆ ಅಂಥ ಉತ್ತರ ಸಿಗಬಾರದು ಎಂಬುದು ನನ್ನ ಆಸೆ.

ಮತ್ತೊಮ್ಮೆ ಹೇಳುತ್ತೇನೆ: ಚೀಟಿ ಮಕ್ಕಳ ಮೇಲಿನ ಟೀಕೆಯಲ್ಲ. ನಿಮ್ಮ ಬೇಸರ ಪರಿಗಣಿಸಿ ಅದನ್ನು ಚಾರ್ಟಿನ ನಡುವಿನಿಂದ ಕೆಳಗಿನ ಅಂಚಿಗೆ ಸರಿಸಲು ಹೇಳಿದ್ದೇನೆ. ಮಕ್ಕಳೇ ತಮ್ಮ ಅಕ್ಷರದಲ್ಲಿ ಬರೆಯುವುದಾದರೆ ಇನ್ನೂ ಸಂತೋಷ. ಅವರ ಹೆಸರುಗಳು ಮೇಲೆ ಇದ್ದಂತೆಯೇ ಇರುತ್ತವೆ. ಪರೀಕ್ಷೆಯ ಚಿಂತೆ ಬೇಡ, ಅದಕ್ಕೆ ಪಠ್ಯಪುಸ್ತಕವೇ ಆಧಾರ.

ಈ ವರ್ಷದಿಂದ ಪ್ರತಿ ಚಾರ್ಟಿನ ಕೆಳಗೆ ‘ಇದು ನಮಗೆ ಹೇಗೆ ಗೊತ್ತು?’ ಎಂಬ ಭಾಗ ಕಡ್ಡಾಯ. ಅದನ್ನು ಮಗುವೇ ಬರೆಯಲಿ, ನೀವು ಬರೆದುಕೊಡಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು