ಹೆಗಡೆ, ನೀನಿನ್ನೂ ಕಂಬದ ಒಳಗೇ ಇದ್ದೀಯ

ಪ್ರೀತಿಯ ಹೆಗಡೆ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ಅಲ್ಲಿ ನೀನು ಎಲ್ಲದಕ್ಕೂ ಒಂದು ಹೆಬ್ಬೆರಳು ಎತ್ತಿ ಮುಗಿಸುತ್ತೀಯ. ನನ್ನ ಕಾಲು ಮುರಿದ ಸುದ್ದಿಗೂ ಅದನ್ನೇ ಒತ್ತಿದ್ದೆ, ಮರೆತಿಲ್ಲ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಆ ನಾಲ್ಕು ಜನರಿಗೆ ಒಂದು ಮಾತು: ಹೆಗಡೆ ನನ್ನ ಹಳೇ ರೂಮ್‌ಮೇಟು, ಸಿದ್ದಾಪುರದ ಕಡೆಯ ಅಡಿಕೆ ತೋಟದವನು. ಇಷ್ಟು ಗೊತ್ತಿದ್ದರೆ ಸಾಕು. ಮಿಸ್ಟರ್ ಬುಧವಾರ ಯಾರು, ಕುಕ್ಕರ್ ಕೂಗಿದ್ದಕ್ಕೆ ಪೊಲೀಸರು ಯಾಕೆ ಬಂದರು ಅಂತ ಯಾರೂ ಕೇಳಬೇಡಿ.

ವಿಷಯ ಏನಪ್ಪಾ ಅಂದರೆ, ಮೊನ್ನೆ ಅಮೆರಿಕದ ಮಿಸೌರಿ ರಾಜ್ಯದ ನಮ್ಮ ಹಳೇ ಕಾಲೇಜೂರು ಕೊಲಂಬಿಯಾಕ್ಕೆ ಹೋಗಿದ್ದೆ. ಮಿಝೂನಲ್ಲಿ, ಅಂದರೆ ನಾವು ಓದಿದ ಮಿಸೌರಿ ಯೂನಿವರ್ಸಿಟಿಯಲ್ಲಿ, ಹೋಮ್‌ಕಮಿಂಗ್ ಇತ್ತು, ಹಳೇ ವಿದ್ಯಾರ್ಥಿಗಳನ್ನು ಫುಟ್‌ಬಾಲ್ ಪಂದ್ಯಕ್ಕೆ ವಾಪಸ್ ಕರೆಯುವ ಹಬ್ಬ. ನಾವು ಅಲ್ಲಿದ್ದಾಗ 2007ರಲ್ಲೊಂದು, 2008ರಲ್ಲೊಂದು ಬಂತು. ಒಂದಕ್ಕೆ ನಾವು ಲ್ಯಾಬಿನಲ್ಲಿದ್ದೆವು, ಇನ್ನೊಂದಕ್ಕೆ ಮಲಗಿದ್ದೆವು. ಬೆಳಿಗ್ಗೆ ಬ್ಯಾಂಡಿನ ಸದ್ದಿಗೆ ಎದ್ದು ನೀನು ಕಿಟಕಿಯಿಂದ ಬಗ್ಗಿ ನೋಡಿ, ‘ಯಾರದ್ದೋ ದಿಬ್ಬಣ ಮಾರಾಯಾ’ ಅಂದು ಮತ್ತೆ ಮುಸುಕು ಹಾಕಿದ್ದೆ. ಈ ಸಲ ಮಗಳು ಹಟ ಹಿಡಿದಳು. ಅವಳಿಗೀಗ ಹನ್ನೊಂದು. ಅಪ್ಪ ಓದಿದ ಜಾಗ ನೋಡಬೇಕಂತೆ.

ನಾನು ಮನೆ ಮಾಡಿರುವುದು ಓವರ್‌ಲ್ಯಾಂಡ್ ಪಾರ್ಕಿನಲ್ಲಿ, ಅಂದರೆ ಕಾನ್ಸಾಸ್ ಕಡೆ. ಮಿಸೌರಿ ಹುಲಿಗಳ (ಮಿಝೂ ತಂಡದ ಹೆಸರೇ ಟೈಗರ್ಸ್) ಲೆಕ್ಕದಲ್ಲಿ ಇದು ಶುದ್ಧ ದ್ರೋಹ. ಆ ಎರಡು ರಾಜ್ಯಗಳ ಜಗಳ ನಿನಗೆ ಗೊತ್ತಲ್ಲ, ಅಂತರ್ಯುದ್ಧದ ಕಾಲದ್ದು. 1863ರಲ್ಲಿ ಮಿಸೌರಿ ಕಡೆಯಿಂದ ನುಗ್ಗಿದವರು ಕಾನ್ಸಾಸಿನ ಲಾರೆನ್ಸ್ ಊರಿಗೇ ಬೆಂಕಿ ಇಟ್ಟಿದ್ದರು. ಆಮೇಲೆ ಬಂದೂಕು ಕೆಳಗಿಟ್ಟು ಫುಟ್‌ಬಾಲ್ ಹಿಡಿದರು, ಸಿಟ್ಟು ಮಾತ್ರ ಹಾಗೇ ಇದೆ. ಐ-70ರಲ್ಲಿ ಎರಡು ಗಂಟೆ ದಾರಿ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ, ನನ್ನ ಹಳೇ ಹಳದಿ-ಕಪ್ಪು ಟೋಪಿ ನೋಡಿ ಯಾರೋ ಅಜ್ಜ ದೂರದಿಂದಲೇ ‘ಎಂ-ಐ-ಜೀ!’ ಅಂತ ಕೂಗಿದ. ನಾನು ‘ಜೀ-ಓ-ಯೂ!’ ಅಂದೆ. ಎರಡೂ ಸೇರಿದರೆ MIZZOU, ಇಲ್ಲಿಯವರ ಬಾಯಲ್ಲಿ Z ಅಂದರೆ ‘ಜೀ’. ಮಗಳಿಗೆ ನಾಚಿಕೆಯಾಗಿ ಕಾರಿನೊಳಗೆ ಬಗ್ಗಿ ಕೂತಳು. ನೀನಿದ್ದಿದ್ದರೆ ‘ಝಡ್-ಓ-ಯೂ’ ಅನ್ನುತ್ತಿದ್ದೆ. ಇಡೀ ಸ್ಟೇಡಿಯಮ್ಮು ‘ಜೀ’ ಅನ್ನುವಾಗ ಒಬ್ಬನೇ ‘ಝಡ್’ ಅಂದವನು ನೀನು. ಸೋತ ಮ್ಯಾಚಿನಲ್ಲಿ ಅದೊಂದೇ ನನಗೆ ನೆನಪಿರುವುದು.

ಹೋಮ್‌ಕಮಿಂಗ್ ಹುಟ್ಟಿದ್ದೇ ತಮ್ಮಲ್ಲಿ ಅಂತ ಇವರ ಜಂಬ. 1911ರ ಕಥೆ. ಅಲ್ಲಿಯವರೆಗೆ ಕಾನ್ಸಾಸ್ ಜೊತೆಗಿನ ಪಂದ್ಯ ಕಾನ್ಸಾಸ್ ಸಿಟಿಯಲ್ಲಿ ನಡೆಯುತ್ತಿತ್ತು. ಆ ವರ್ಷ ಕಾಲೇಜಿನ ಅಂಗಳದಲ್ಲೇ ಆಡಬೇಕು ಅಂತ ಹೊಸ ನಿಯಮ ಬಂತು. ಇಷ್ಟು ಸಣ್ಣ ಊರಿಗೆ ಯಾರು ಬರುತ್ತಾರೆ ಅನ್ನೋ ಚಿಂತೆ. ಆಟದ ವಿಭಾಗದ ಮುಖ್ಯಸ್ಥ ಚೆಸ್ಟರ್ ಬ್ರೂವರ್ ಹಳೇ ವಿದ್ಯಾರ್ಥಿಗಳಿಗೆಲ್ಲ ‘ಮನೆಗೆ ಬನ್ನಿ’ ಅಂತ ಕರೆ ಕಳಿಸಿದ. 9,000ಕ್ಕೂ ಜಾಸ್ತಿ ಜನ ಬಂದರು. ನನಗೆ ಇದಕ್ಕಿಂತ ಇಷ್ಟವಾದದ್ದು ಆಚೆ ಕಡೆಯ ಕಥೆ. ಬರಲಾಗದ ಸಾವಿರಕ್ಕೂ ಹೆಚ್ಚು ಕಾನ್ಸಾಸಿನವರು ಲಾರೆನ್ಸ್ ಪೇಟೆಯಲ್ಲಿ ಸೇರಿದ್ದರಂತೆ. ಕೊಲಂಬಿಯಾದಿಂದ ನೇರ ತಂತಿ ಎಳೆದು, ಟೆಲಿಗ್ರಾಫಿನಲ್ಲಿ ಬಂದ ಸುದ್ದಿಯಂತೆ ಅಲ್ಲೊಂದು ಯಂತ್ರದಲ್ಲಿ ಆಟವನ್ನು ಆಡಿಸಿ ತೋರಿಸುತ್ತಿದ್ದರು. ಕಾಣದ ಚೆಂಡಿಗೆ ಚಪ್ಪಾಳೆ ತಟ್ಟಿದ ಜನ! ಇಷ್ಟೆಲ್ಲ ಆಗಿ ಪಂದ್ಯ 3-3, ಡ್ರಾ.

ಟೆಕ್ಸಸ್‌ನ ಬೇಲರಿನವರು ನಮ್ಮದು 1909ರದ್ದು ಅನ್ನುತ್ತಾರೆ, ಇಲಿನಾಯ್‌ನವರು 1910 ಅನ್ನುತ್ತಾರೆ. ಇರಲಿ ಬಿಡು. ನಮ್ಮ ದಾವಣಗೆರೆಯಲ್ಲಿ ಒರಿಜಿನಲ್ ಬೆಣ್ಣೆ ದೋಸೆ ಯಾರದು ಅಂತ ಕೇಳಿದ ಹಾಗೆ ಇದು. ಬೋರ್ಡು ಎಲ್ಲರ ಅಂಗಡಿಯ ಮೇಲೂ ಇರುತ್ತೆ.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ಅಂದರೆ ಜಾತ್ರೆಯೇ. ಜಾತ್ರೆಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದಿಲ್ವಾ? ಬ್ರೂವರ್ ಮಾಡಿದ್ದು ಅದೇ. ನಿಮ್ಮ ಶಿರಸಿ ಮಾರಿಕಾಂಬೆಗೂ ನಮ್ಮ ದುಗ್ಗಮ್ಮನಿಗೂ ಎರಡು ವರ್ಷಕ್ಕೊಂದು ಜಾತ್ರೆ ಸಾಕು. ಇವರಿಗೆ ವರ್ಷವೂ ಬೇಕು. ರಕ್ತದಾನ ಅಂತೂ ನಿಜವಾದ ಜಾತ್ರೆ, ದಿನಗಟ್ಟಲೆ ಸಾಲು. ಶುಕ್ರವಾರ ರಾತ್ರಿ ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳ ಮನೆಗಳ ಬೀದಿಗೆ ಹೋದೆವು. ಹುಡುಗ ಹುಡುಗಿಯರು ಮನೆ ಮುಂದೆ ಆಳೆತ್ತರದ ಚಿತ್ರಗಳನ್ನು ನಿಲ್ಲಿಸಿದ್ದರು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ, ಅದರ ಕಣ್ಣುಕಣ್ಣಿಗೂ ಬಣ್ಣದ ತೆಳು ಕಾಗದದ ತುಂಡು. ಇದಕ್ಕೆ ಪಾಂಪಿಂಗ್ ಅಂತ ಹೆಸರು. ಒಬ್ಬಳು ಹುಡುಗಿ ಮಗಳ ಕೈಗೆ ಒಂದು ಹಳದಿ ಚೂರು ಕೊಟ್ಟು ಹುಲಿಯ ಕಿವಿಯಲ್ಲಿ ಸಿಕ್ಕಿಸಲು ಹೇಳಿದಳು. ಆ ಹುಡುಗಿಯ ಬೆರಳ ತುದಿಯೆಲ್ಲ ಹಳದಿ ಆಗಿತ್ತು, ಅರಿಶಿನ ಹಚ್ಚಿದ ಮದುಮಗಳ ಹಾಗೆ. ಮರುದಿನ ಮೆರವಣಿಗೆ. ಬ್ಯಾಂಡು, ತಂಡದ ವೇಷಧಾರಿ ಟ್ರೂಮನ್ ಹುಲಿ, ಮಕ್ಕಳಿಗೆ ಮಿಠಾಯಿ. ತೇರಿಲ್ಲ, ಬಾಳೆಹಣ್ಣು ಎಸೆಯುವುದಿಲ್ಲ, ಅಷ್ಟೇ ವ್ಯತ್ಯಾಸ. ಮಿಸ್ಟರ್ ಬುಧವಾರ ಇನ್ನೂ ಅಲ್ಲೇ ಇದ್ದಾನೆ ಕಣೋ. ಮೀಸೆ ಪೂರ್ತಿ ಬೆಳ್ಳಗಾಗಿದೆ. ಶನಿವಾರವೇ ಸಿಕ್ಕಿದ.

ಇಲ್ಲಿಯವರೆಗೆ ಬರೆಯಬೇಕು ಅಂತ ಇದ್ದೆ. ಫೋಟೋ ಹಾಕಿ ಮುಗಿಸಬೇಕಿತ್ತು.

ಮೆರವಣಿಗೆ ಮುಗಿದ ಮೇಲೆ ಕ್ಯಾಂಪಸ್ಸಿನ ನಡುವಿನ ಕಂಬಗಳ ಹತ್ತಿರ ಹೋದೆವು. ಆರು ಕಂಬ. 1892ರಲ್ಲಿ ಕಾಲೇಜಿನ ಮುಖ್ಯ ಕಟ್ಟಡ ಅಕಾಡೆಮಿಕ್ ಹಾಲ್ ಸುಟ್ಟು ಹೋದಾಗ ಉಳಿದದ್ದು ಇವಿಷ್ಟೇ. ಮೊದಲ ಸಲ ನೋಡಿದಾಗ ನೀನು ಅಂದದ್ದು ನೆನಪಿದೆಯಾ? ‘ಆರು ಕಂಬಕ್ಕೆ ಇಷ್ಟು ಗಲಾಟೆಯಾ? ನಮ್ಮ ಬನವಾಸಿಗೆ ಬಂದು ಎಣಿಸಲಿ.’ ಪಕ್ಕದಲ್ಲಿದ್ದ ಅಮೆರಿಕದ ಹಳೇ ಅಧ್ಯಕ್ಷ ಜೆಫರ್ಸನ್‌ನ ಹಳೇ ಸಮಾಧಿ ಕಲ್ಲಿಗೆ ಮಾತ್ರ ಚಪ್ಪಲಿ ಬಿಟ್ಟು ಕೈ ಮುಗಿದಿದ್ದೆ. ಯಾಕೆ ಅಂತ ನಾನು ಕೇಳಲಿಲ್ಲ.

ಮಗಳಿಗೆ ಅಲ್ಲಿನ ಸಂಪ್ರದಾಯ ಹೇಳಿದೆ. ಹೊಸಬರು ಆಗಸ್ಟಿನಲ್ಲಿ ಕಂಬಗಳ ನಡುವೆ ಹಾದು ಈಗಿನ ಮುಖ್ಯ ಕಟ್ಟಡ ಜೆಸ್ಸಿ ಹಾಲ್ ಕಡೆಗೆ ಓಡುತ್ತಾರೆ, ಅಂದರೆ ಒಳಗೆ ಬಂದ ಲೆಕ್ಕ. ಓದು ಮುಗಿಸಿದವರು ಅದೇ ಕಂಬಗಳ ನಡುವೆ ಆಚೆ ಕಡೆಗೆ, ಊರಿನತ್ತ ನಡೆಯುತ್ತಾರೆ, ಅಂದರೆ ಹೊರಗೆ ಹೋದ ಲೆಕ್ಕ. ಅದು ಹದಿನೆಂಟರ ಮಕ್ಕಳಿಗಿರುವ ಓಟ. ಆದರೆ ಕೊನೆಗೆ ಟೈಗರ್ ಸ್ಟ್ರೈಪ್ ಐಸ್ ಕ್ರೀಮು ಪುಕ್ಕಟೆ ಅಂತ ಗೊತ್ತಾಗಿ, ಅರ್ಧ ತಲೆ ಬೋಳಾದ ನಾವಿಬ್ಬರೂ ಸೇರಿಕೊಂಡಿದ್ದೆವು. ಬೇರೆ ದೇಶಕ್ಕೆ ಬಂದು ಎರಡು ವಾರ ಆಗಿತ್ತು. ನೀನು ಲುಂಗಿಯಲ್ಲಿ ಬಂದಿರಲಿಲ್ಲ ಅನ್ನುವುದೊಂದೇ ಪುಣ್ಯ.

‘ಹೊರಗೆ ಬರುವಾಗಲೂ ಹೆಗಡೆ ಅಂಕಲ್ ಜೊತೆಗಿದ್ರಾ?’ ಅಂತ ಮಗಳು ಕೇಳಿದಳು.

ಇಲ್ಲ ಅಂದೆ. ಅವರು ಮೊದಲೇ ಊರಿಗೆ ಹೋದರು.

‘ಹಾಗಾದ್ರೆ ಅವರಿನ್ನೂ ಒಳಗೇ ಇದ್ದಾರೆ.’

ಅವಳು ತಮಾಷೆಗೆ ಅಂದದ್ದು. ನಾನೂ ನಕ್ಕೆ. ಕಾರು ನಿಲ್ಲಿಸಿದ ಕಡೆ ಹೋಗಲು ಮೆಮೋರಿಯಲ್ ಯೂನಿಯನ್ ದಾರಿ ಹಿಡಿದೆವು. ಅಲ್ಲಿ, ಆ ಗೋಪುರದ ಕಮಾನಿನ ಕೆಳಗೆ, ನನ್ನ ಕಾಲು ನಿಂತುಬಿಟ್ಟಿತು.

ಆ ಕಮಾನಿನ ನಿಯಮ ನಿನಗೆ ಗೊತ್ತು. ಮೊದಲ ಮಹಾಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗೆ ಕಟ್ಟಿದ್ದು. ಅದರ ಕೆಳಗೆ ಹೋಗುವಾಗ ಟೋಪಿ ತೆಗೆಯಬೇಕು, ಮಾತಾಡಬಾರದು. ನಾವು ಗುಡಿಯೊಳಗೆ ಹೋದ ಹಾಗೆ ಅದನ್ನು ಪಾಲಿಸುತ್ತಿದ್ದೆವು.

2008ರ ನವೆಂಬರ್. ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಗಿ ಎರಡು ತಿಂಗಳಾಗಿತ್ತು. ಆ ಮಳೆಗಾಲ ನಿಮ್ಮ ತೋಟಕ್ಕೆ ಕೊಳೆ ರೋಗ ಬಂದಿತ್ತು. ಬೋರ್ಡೋ ಔಷಧಿ ಹೊಡೆಯಲು ಮಳೆ ಒಂದು ದಿನವೂ ಬಿಡಲಿಲ್ಲ, ಎಳೇ ಕಾಯಿ ಉದುರಿ ತೋಟದ ತುಂಬಾ ಹಾಸಿದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದರು. ವರ್ಷದ ಮೊದಲಿಗೆ ನಲವತ್ತು ರೂಪಾಯಿಯ ಆಸುಪಾಸಿದ್ದ ಡಾಲರು ಐವತ್ತರ ಹತ್ತಿರ ಹೋಗಿತ್ತು. ಅವರು ಹೇಗೋ ಹೊಂದಿಸಿದ ದುಡ್ಡು ದಾರಿಯಲ್ಲೇ ಕರಗಿತು. ಮುಂದಿನ ಸೆಮಿಸ್ಟರಿನ ಫೀಸಿಗೆ ನಿನಗೆ 2,500 ಡಾಲರು ಕಡಿಮೆ ಬಿತ್ತು.

ಕಮಾನಿಗೆ ನಾಲ್ಕು ಹೆಜ್ಜೆ ಇರುವಾಗ ನೀನು ಕೇಳಿದೆ. ನೆಲ ನೋಡುತ್ತಾ ಕೇಳಿದೆ. ‘ನಿನ್ನ ಹತ್ರ ಏನಾದ್ರೂ ಇದ್ರೆ, ಮೇ ತಿಂಗಳಲ್ಲಿ ತಿರುಗಿಸ್ತೆ.’

ನಾನು ಉತ್ತರ ಕೊಡುವಷ್ಟರಲ್ಲಿ ಕಮಾನು ಬಂತು. ನಾನು ಟೋಪಿ ತೆಗೆದೆ. ನೀನೂ ಸುಮ್ಮನಾದೆ. ಹತ್ತೋ ಹನ್ನೆರಡೋ ಹೆಜ್ಜೆ. ನಾನು ಸತ್ತವರನ್ನು ನೆನೆಯುತ್ತಿದ್ದೇನೆ ಅಂದುಕೊಂಡಿರಬೇಕು ನೀನು. ನಾನು ಸುಳ್ಳು ತಯಾರು ಮಾಡುತ್ತಿದ್ದೆ. ಅಕೌಂಟಿನಲ್ಲಿ 6,140 ಡಾಲರು ಇತ್ತು ಹೆಗಡೆ. ಅವತ್ತು ಬೆಳಿಗ್ಗೆಯೇ ನೋಡಿದ್ದೆ. ಆಚೆ ಬಂದು, ಟೋಪಿ ಹಾಕಿಕೊಂಡು, ‘ಅಯ್ಯೋ, ನನ್ನ ಹತ್ರಾನೂ ಇಲ್ಲ ಮಾರಾಯ’ ಅಂದೆ. ನಿಮ್ಮ ಊರಿನ ಮಾತಿನಲ್ಲಿ ಹೇಳಿದರೆ ಸುಳ್ಳು ಸ್ವಲ್ಪ ಹಗುರ ಆಗುತ್ತೆ ಅನಿಸಿರಬೇಕು.

ಕೆಲಸ ಸಿಗದಿದ್ದರೆ ಏನು ಗತಿ ಅಂತ ಹೆದರಿದ್ದೆ, ಅದು ನಿಜ. ಆದರೆ ಮೂರು ವಾರಕ್ಕೆ ನಾನು 3,400 ಡಾಲರಿಗೆ ಹಳೇ ಕೊರೊಲಾ ತಗೊಂಡೆ. ಅದೂ ನಿಜ. ನಿನಗೆ ‘ಕಸಿನ್ ಕಳಿಸಿದ ದುಡ್ಡು’ ಅಂದೆ. ನನಗೆ ಅಮೆರಿಕದಲ್ಲಿ ಕಸಿನ್ನೇ ಇರಲಿಲ್ಲ, ನಿನಗೂ ಅದು ಗೊತ್ತಿತ್ತು. ನೀನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಮೆಲ್ಲಗೆ ಒದ್ದು ನೋಡಿ, ‘ಬಣ್ಣ ಚೊಲೋ ಇದ್ದು’ ಅಂದೆ. ನಿಂಬೆಹಣ್ಣು ತಂದು ಚಕ್ರದ ಕೆಳಗೆ ಇಟ್ಟವನೂ ನೀನೇ.

ಜನವರಿಯಲ್ಲಿ ಅದೇ ಕಾರಿನಲ್ಲಿ ನಿನ್ನನ್ನು ಸೇಂಟ್ ಲೂಯಿಸ್ ಏರ್‌ಪೋರ್ಟಿಗೆ ಬಿಟ್ಟೆ. ಕಿಂಗ್ಡಮ್ ಸಿಟಿ ಹತ್ತಿರ ಪೆಟ್ರೋಲ್ ಹಾಕಿಸಿದಾಗ ನೀನು 20 ಡಾಲರ್ ನೋಟು ತೆಗೆದೆ. ಆಗ ಪೆಟ್ರೋಲು ಅಗ್ಗ, ಅಷ್ಟಕ್ಕೇ ಟ್ಯಾಂಕು ತುಂಬುತ್ತಿತ್ತು. ಬೇಡ ಅಂತ ಒಂದು ಸಲ ಅಂದೆ. ಎರಡನೇ ಸಲ ಅನ್ನಲಿಲ್ಲ. ತಗೊಂಡೆ.

ನೀನು ಈಗ ಚೆನ್ನಾಗಿದ್ದೀಯ. ತೋಟ ಇದೆ, ಮಗನ ಯಕ್ಷಗಾನದ ವಿಡಿಯೋ ಕಳಿಸುತ್ತೀಯ, ನನಗಿಂತ ಚೆನ್ನಾಗಿ ನಿದ್ದೆ ಮಾಡುತ್ತೀಯ. ಅದನ್ನೇ ನೆಪ ಮಾಡಿಕೊಂಡು ಇಷ್ಟು ವರ್ಷ ತಳ್ಳಿದೆ. ‘ಹೆಗಡೆಗೆ ಊರೇ ಸರಿಯಾಯ್ತು’ ಅಂತ ನಾನೇ ಎಷ್ಟು ಜನರ ಹತ್ತಿರ ಹೇಳಿದ್ದೇನೋ. ಸರಿಯಾಗಿದ್ದು ನಿನ್ನಿಂದ. ಅದರಲ್ಲಿ ನನ್ನ ಸುಳ್ಳಿನ ಪುಣ್ಯ ಏನಿದೆ? ಮತ್ತೆ ನಿನಗೆ ಗೊತ್ತಿತ್ತು ಅನ್ನೋದು ನನಗೆ ಗೊತ್ತು. ಗೊತ್ತಿದ್ದೂ ನಿಂಬೆಹಣ್ಣು ತಂದೆಯಲ್ಲ, ಅದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಕಮಾನಿನ ಕೆಳಗೆ ಮಗಳು ತೋಳು ಎಳೆದಳು. ಮಾತಾಡಬಾರದು ಅಂತ ಅವಳಿಗೂ ಹೇಳಿದ್ದೆನಲ್ಲ, ಕಣ್ಣಲ್ಲೇ ಏನು ಅಂತ ಕೇಳಿದಳು. ನಾನು ಟೋಪಿ ತೆಗೆಯೋದನ್ನು ಮರೆತಿದ್ದೆ. ಈಗ ತಲೆಯಲ್ಲಿ ಕೂದಲಿಲ್ಲ, ತೆಗೆಯಲು ಸಂಕೋಚ ಬೇರೆ.

ಸರಿ, ಜಾಸ್ತಿ ಆಯ್ತು. ನನ್ನ ಹೆಂಡತಿ ಹಿಂದೆ ನಿಂತು ಓದುತ್ತಿದ್ದಾಳೆ. ‘ಇದನ್ನ ಎಲ್ಲರ ಎದುರು ಹಾಕ್ತೀರಾ?’ ಅಂತಾಳೆ. ಫೋನಿನಲ್ಲಿ ಹೇಳುವ ಧೈರ್ಯ ಇದ್ದಿದ್ದರೆ ಹಾಕುತ್ತಿರಲಿಲ್ಲ. ಜನರ ಮುಂದೆ ಹೇಳಿದರೆ ನೀನು ಮರ್ಯಾದೆಗೆ ಕ್ಷಮಿಸಲೇಬೇಕಾಗುತ್ತೆ ಅನ್ನೋ ಲೆಕ್ಕವೂ ಒಳಗೆಲ್ಲೋ ಇದೆ. ದಾವಣಗೆರೆಯವನು, ವ್ಯಾಪಾರದ ಬುದ್ಧಿ ಎಲ್ಲಿ ಹೋಗುತ್ತೆ.

ಅಂದಹಾಗೆ ಕ್ಯಾಂಪಸ್ಸಿನ ಐಸ್ ಕ್ರೀಮ್ ಅಂಗಡಿ ಬಕ್ಸ್‌ಗೂ ಹೋಗಿದ್ದೆವು. ಟೈಗರ್ ಸ್ಟ್ರೈಪ್ ಅದೇ ರುಚಿ, ಈಗ ಸಕ್ಕರೆ ಕಾಯಿಲೆ ಇರೋದರಿಂದ ಇನ್ನೂ ರುಚಿ. ನಿನ್ನ ಹೆಸರಿನಲ್ಲಿ ಒಂದು ಜಾಸ್ತಿ ತಿಂದೆ. ಡಾಕ್ಟರ್ ಕೇಳಿದರೆ ಹೆಗಡೆ ತಿಂದದ್ದು ಅನ್ನುತ್ತೇನೆ. ಪಂದ್ಯದ ಬಗ್ಗೆ ಕೇಳಬೇಡ, ನಾನು ನೋಡಿದ್ದು ಮುಂದೆ ಕೂತವನ ಬೆನ್ನು.

ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ಫೋನ್ ಮಾಡು. ಇಲ್ಲಾಂದ್ರೆ ಇದಕ್ಕೂ ಹೆಬ್ಬೆರಳು ಒತ್ತು, ಸಾಕು. ಆ 20 ಡಾಲರಿಗೆ ನಿಮ್ಮ ಸೊಸೈಟಿ ದರದಲ್ಲಿ ಬಡ್ಡಿ ಎಷ್ಟಾಯ್ತು ಲೆಕ್ಕ ಹಾಕಿ ಇಡು. ಮತ್ತೆ ಇಲ್ಲಿಗೆ ಬರುವವರು ಯಾರಾದರೂ ಸಿಕ್ಕರೆ ಅಮ್ಮನ ಕೈಯ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟ್ಲಿ ಕಳಿಸು. ದುಡ್ಡು ಕೊಡ್ತೀನಿ. ಈ ಸಲ ಇಲ್ಲ ಅನ್ನಲ್ಲ.

ನಿನ್ನ,
ಕೊರೊಲಾ