ವಾರ್ಡಿನವರನ್ನು ಕೇಳಿ ಬದಲಿಸಿ

2012ರಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುತ್ತಿರುವ ನರ್ಸ್ ಒಬ್ಬರು ತಮ್ಮ ಸೇವಾವಧಿಯಲ್ಲಿ ಎಷ್ಟು ಆಡಳಿತ ವ್ಯವಸ್ಥೆಗಳನ್ನು ಕಂಡಿರಬಹುದೆಂದು ನೆನೆದರೆ ಬೆರಗಾಗುತ್ತದೆ. 2013ರ ಏಪ್ರಿಲ್‌ನಲ್ಲಿ ಸ್ಥಳೀಯ ಆರೋಗ್ಯ ಸೇವೆಗಳನ್ನು ಯೋಜಿಸಿ ಹಣ ಒದಗಿಸುತ್ತಿದ್ದ ಪ್ರೈಮರಿ ಕೇರ್ ಟ್ರಸ್ಟ್‌ಗಳು ರದ್ದಾಗಿ ಅದೇ ಕೆಲಸಕ್ಕೆ ಕ್ಲಿನಿಕಲ್ ಕಮಿಷನಿಂಗ್ ಗ್ರೂಪ್‌ಗಳು ಬಂದವು. 2022ರ ಜುಲೈಯಲ್ಲಿ ಅವೂ ಹೋಗಿ 42 ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗಳು ಬಂದವು. 2025ರ ಮಾರ್ಚ್‌ನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಎಂಬ, ಈ ಸೇವೆಯ ಮೇಲುಸ್ತುವಾರಿ ನೋಡುವ ಸಂಸ್ಥೆಯನ್ನೇ ಮುಚ್ಚುವುದಾಗಿ ಪ್ರಧಾನಿ ಘೋಷಿಸಿದರು. ಇದರ ಜೊತೆಗೆ ವಾರ್ಡಿನಲ್ಲಿ ಹೊಸ ಸಾಫ್ಟ್‌ವೇರ್, ಹೊಸ ರೋಟಾ (ಪಾಳಿಪಟ್ಟಿ), ಹೊಸ ಮ್ಯಾನೇಜರ್ ಬರುತ್ತಲೇ ಇರುತ್ತಾರೆ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ನರ್ಸುಗಳಿರುವುದರಿಂದ ಈ ಸಂಚಿಕೆಯಲ್ಲಿ ಅವರ ಕೆಲಸದ ಬಗ್ಗೆಯೇ ಬರೆಯುತ್ತಿದ್ದೇನೆ.

ಬದಲಾವಣೆಯೆಲ್ಲ ಕೆಟ್ಟದ್ದೆಂದು ಯಾವ ನರ್ಸೂ ವಾದಿಸುವುದಿಲ್ಲ. ರೋಗಿಯ ಸ್ಥಿತಿ ಬಿಗಡಾಯಿಸುತ್ತಿರುವುದನ್ನು ಮೊದಲೇ ಗುರುತಿಸುವ ‘ನ್ಯೂಸ್’ ಅಂಕಪಟ್ಟಿ 2012ರಲ್ಲಿ ಬಂದಾಗ, ಆಸ್ಪತ್ರೆಗೊಂದು ಬಗೆಯ ಚಾರ್ಟ್ ಇದ್ದ ಗೊಂದಲ ತಗ್ಗತೊಡಗಿತು. 2017ರ ಪರಿಷ್ಕರಣೆಯಲ್ಲಿ ರೋಗಿಯಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಮನೋಗೊಂದಲಕ್ಕೂ ಅಂಕ ಸೇರಿತು. ಶ್ವಾಸಕೋಶದ ಕಾಯಿಲೆಯಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವವರಿಗೆ ಆಮ್ಲಜನಕದ ಮಟ್ಟಕ್ಕೆ ಅಂಕ ಕೊಡುವ ಪ್ರತ್ಯೇಕ ಕ್ರಮ ಬಂತು. ಮಂಚದ ಪಕ್ಕದಲ್ಲಿ ನರ್ಸುಗಳು ದಿನವೂ ಕಾಣುತ್ತಿದ್ದ ಸಂಗತಿಗೆ ಇದು ಹೊಂದುತ್ತಿದ್ದುದರಿಂದ, ಕಲಿಯುವ ಶ್ರಮಕ್ಕೆ ಅರ್ಥವಿತ್ತು.

ಇದಕ್ಕೆ ವ್ಯತಿರಿಕ್ತವಾದುದು, ಶಿಫ್ಟ್ ಆರಂಭವಾಗುವ ಹೊತ್ತಿಗೆ ಬರುವ ‘ಇವತ್ತು ನೀವು ಆ ವಾರ್ಡಿಗೆ ಹೋಗಿ’ ಎಂಬ ಸೂಚನೆ. ಅಲ್ಲಿ ತುರ್ತು ಟ್ರಾಲಿ ಯಾವ ಮೂಲೆಯಲ್ಲಿದೆ, ಔಷಧ ಕೋಣೆಯ ಬಾಗಿಲಿನ ಕೋಡ್ ಏನು, ಯಾವ ಅಜ್ಜನಿಗೆ ಎಡಗಿವಿ ಕೇಳಿಸದು, ಯಾರು ರಾತ್ರಿ ಒಬ್ಬರೇ ಎದ್ದು ಬೀಳುವ ಅಪಾಯವಿದೆ ಎಂಬ ಯಾವುದೂ ತಿಳಿಯದೆ ಹನ್ನೆರಡು ಗಂಟೆಗಳ ಕೆಲಸಕ್ಕೆ ನಿಲ್ಲಬೇಕು. ವರ್ಷಗಟ್ಟಲೆ ಬೆಳೆಸಿಕೊಂಡ ಪರಿಣತಿ ಆ ಹೊತ್ತಿನಲ್ಲಿ ಅರ್ಧ ಕೆಲಸಕ್ಕೆ ಬಾರದಂತಾಗುತ್ತದೆ. ಕೈಗುಣ ಒಳ್ಳೆಯದೆಂದು ರೋಗಿಗಳಿಂದ ಹೊಗಳಿಸಿಕೊಂಡವರು ಪ್ರತಿ ವಸ್ತುವಿಗೂ ಇನ್ನೊಬ್ಬರನ್ನು ಕೇಳುತ್ತ ಓಡಾಡಬೇಕಾಗುತ್ತದೆ. ಕೆಲಸದ ತೃಪ್ತಿ ಕರಗುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ; ಸಂಬಳದ ಪ್ರಶ್ನೆ, ಅದು ಎಷ್ಟೇ ನ್ಯಾಯವಾದದ್ದಾದರೂ, ಇದರ ನಂತರದ್ದು.

ಇಂಥ ದಣಿವಿಗೆ ಅನೇಕ ಕಡೆ ಸಿಗುವ ಪರಿಹಾರವೆಂದರೆ ಮನೋಬಲ ಹೆಚ್ಚಿಸುವ ಒಂದು ತರಬೇತಿ. ಉಸಿರಾಟದ ಅಭ್ಯಾಸದಿಂದ ಕೆಲವರಿಗೆ ನೆಮ್ಮದಿ ಸಿಗಬಹುದು, ಅದನ್ನು ಹಳಿಯಲಾರೆ. ಆದರೆ ತಾಳುವ ಶಕ್ತಿಯನ್ನು ವ್ಯಕ್ತಿಯ ಗುಣವೆಂದಷ್ಟೇ ಎಣಿಸಿದರೆ, ಸೋತವರದೇ ತಪ್ಪೆಂಬ ತೀರ್ಮಾನ ತಾನಾಗಿಯೇ ಬಂದುಬಿಡುತ್ತದೆ. ಪರಿಚಿತ ತಂಡ, ಬಿಡುವಿನಲ್ಲಿ ನಿಜವಾಗಿ ಸಿಗುವ ಅರ್ಧ ಗಂಟೆ, ಒಂದು ಪದ್ಧತಿ ರೂಢಿಯಾಗುವ ಮೊದಲೇ ಇನ್ನೊಂದನ್ನು ಹೇರದ ಮೇಲಧಿಕಾರಿ, ಇವೇ ಆ ಶಕ್ತಿಯ ಮೂಲ. ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕೊರತೆಯ ಕಾಲದಲ್ಲೂ ನರ್ಸುಗಳನ್ನು ಉಳಿಸಿಕೊಂಡಿದ್ದ 41 ಆಸ್ಪತ್ರೆಗಳನ್ನು ಗುರುತಿಸಿತ್ತು. ತಮ್ಮ ಕೆಲಸದ ನಿರ್ಧಾರಗಳಲ್ಲಿ ನರ್ಸುಗಳಿಗೆ ಪಾಲಿದ್ದುದು ಅವುಗಳ ಮುಖ್ಯ ಲಕ್ಷಣಗಳಲ್ಲಿ ಒಂದಾಗಿತ್ತು.

ನಮ್ಮವರಿಗೆ ಇನ್ನೊಂದು ಕಟ್ಟುಪಾಡಿದೆ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಹೊಸದಾಗಿ ಬಂದವರ ವೀಸಾ ಉದ್ಯೋಗದಾತರ ಪ್ರಾಯೋಜಕತ್ವಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ಹುಡುಕಬೇಕು. ಹಾಗಾಗಿ ಒಗ್ಗದ ಬದಲಾವಣೆಯನ್ನೂ ಅವರು ಬಾಯಿಬಿಡದೆ ಒಪ್ಪಿಕೊಳ್ಳುತ್ತಾರೆ, ಆ ಮೌನವನ್ನು ಸಮ್ಮತಿಯೆಂದು ತಿಳಿಯಲಾಗುತ್ತದೆ.

ಪ್ರತಿ ವರ್ಷ ಶರತ್ಕಾಲದಲ್ಲಿ ನಡೆಯುವ ಎನ್‌ಎಚ್‌ಎಸ್ ಸಿಬ್ಬಂದಿ ಸಮೀಕ್ಷೆಯಲ್ಲಿ, ಕೆಲಸಕ್ಕೆ ತಟ್ಟುವ ಬದಲಾವಣೆಗಳ ಬಗ್ಗೆ ನಿಮ್ಮನ್ನು ಕೇಳಲಾಯಿತೇ ಎಂಬಂಥ ಪ್ರಶ್ನೆಗಳಿರುತ್ತವೆ. ಸಮೀಕ್ಷೆಯನ್ನು ನಡೆಸುವುದು ಹೊರಗಿನ ಸಂಸ್ಥೆ; ಯಾರು ಏನು ಬರೆದರೆಂಬುದು ಮ್ಯಾನೇಜರಿಗೆ ತಲುಪುವುದಿಲ್ಲ. ಈ ಸಲ ಅದನ್ನು ಬದಿಗಿಡದೆ ತುಂಬಿ ಕಳುಹಿಸಿ ಎಂದು ನಮ್ಮ ನರ್ಸ್ ಸದಸ್ಯರೆಲ್ಲರನ್ನೂ ಕೋರುತ್ತೇನೆ. ಹೊಸಬರಿಗೆ ಯಾವುದಾದರೂ ಪ್ರಶ್ನೆ ಸ್ಪಷ್ಟವಾಗದಿದ್ದರೆ, ಅನುಭವಿಗಳಾದ ಹಿರಿಯ ಸದಸ್ಯರು ಪಕ್ಕದಲ್ಲಿ ಕೂತು ವಿವರಿಸಿ ಕೊಡಬೇಕು.