‘ಕುಟುಂಬ ಕಲ್ಯಾಣ’ದಲ್ಲಿ ನಮ್ಮ ಕುಟುಂಬವೂ ಸೇರುತ್ತದಾ ಸರ್?

ಚಿಕ್ಕಮಗಳೂರು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಮೂಡಿಗೆರೆ ಕಡೆಯವಳು. ಹೆಸರು ಬರೆಯುತ್ತಿಲ್ಲ. ಯಾಕೆ ಅಂತ ಓದಿದರೆ ನಿಮಗೇ ತಿಳಿಯುತ್ತದೆ. ಕೇಳುವುದು ದೊಡ್ಡದೇನಲ್ಲ. ಬೆನ್ನುಹುರಿಗೆ ಏಟಾದವರು, ಅವರ ಗಂಡ ಅಥವಾ ಹೆಂಡತಿ ಬಂದು ತಮ್ಮ ದಾಂಪತ್ಯದ ವಿಷಯ ಕೇಳೋಕೆ ಜಿಲ್ಲೆಯಲ್ಲಿ ಒಂದು ಕೋಣೆ ಕೊಡಿ. ತಿಂಗಳಿಗೆ ಒಂದು ದಿನ ಸಾಕು. ಬಾಗಿಲು ಇರಲಿ.

2019ರ ಮೇನಲ್ಲಿ ಮರಗಸಿ ಮಾಡುವಾಗ, ಅಂದರೆ ತೋಟದ ಮರದ ಕೊಂಬೆ ಕಡಿಯುವಾಗ, ನಮ್ಮ ಮನೆಯವರು ಮರದಿಂದ ಬಿದ್ದರು. ರಿಪೋರ್ಟಿನಲ್ಲಿ ‘ಟಿ-5’ ಅಂತ ಇದೆ, ಅಂದರೆ ಎದೆ ಭಾಗದ ಬೆನ್ನುಮೂಳೆಗಳಲ್ಲಿ ಮೇಲಿನಿಂದ ಐದನೆಯದರ ಹತ್ತಿರ ಏಟು. ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ. ಆಗ ಅವರಿಗೆ 31, ನನಗೆ 26. ಮದುವೆಯಾಗಿ ಎರಡು ವರ್ಷ. ಡಿಸ್ಚಾರ್ಜ್ ದಿನ ಎಲ್ಲ ಹೇಳಿಕೊಟ್ಟರು. ಪೈಪ್ ಹಾಕಿ ಮೂತ್ರ ತೆಗೆಯುವುದು, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲ. ಗಂಡ ಹೆಂಡತಿ ಇನ್ನು ಹೇಗಿರಬೇಕು ಅನ್ನುವುದೊಂದನ್ನು ಬಿಟ್ಟು. ನಾವೂ ಕೇಳಲಿಲ್ಲ. ಕೇಳೋಕೆ ಬಾಯಿ ಬರಬೇಕಲ್ವಾ?

ಬಾಯಿ ಬರೋಕೆ ಒಂದೂವರೆ ವರ್ಷ ಹಿಡಿಯಿತು. ಆಸ್ಪತ್ರೆಯ ಹೆಸರು ಬೇಡ. ಹಿಂದೆ ನಲವತ್ತು ಜನರ ಸಾಲು. ಮಧ್ಯೆ ಒಂದು ಪರದೆ, ಅದೂ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಮೆಲ್ಲಗೆ ಕೇಳಿದೆ. ಡಾಕ್ಟರು ಚೀಟಿಯಿಂದ ತಲೆ ಎತ್ತಲಿಲ್ಲ. “ಜೀವ ಉಳಿದಿದ್ದೇ ಹೆಚ್ಚು. ಇನ್ನು ಅದೆಲ್ಲ ಯಾಕಮ್ಮ?” ಅಂದರು. ಅವರ ದನಿ ಮೆಲ್ಲಗಿರಲಿಲ್ಲ. ಯಾರೋ ಕಿಸಕ್ಕಂತ ನಕ್ಕರು. ಊರು ಮುಟ್ಟುವವರೆಗೂ ಇವರು ಮಾತಾಡಲಿಲ್ಲ. ಸಾಲಿನಲ್ಲಿ ನಮ್ಮೂರಿನವರೂ ಇದ್ದರು. ವಾರದೊಳಗೆ ತೋಟದ ಕೆಲಸದವರ ಲೈನ್ ಮನೆಗಳಲ್ಲೆಲ್ಲ ಸುದ್ದಿ, “ಪಾಪ, ಅವಳಿಗೆ ತಡೆಯೋಕಾಗ್ತಿಲ್ಲ” ಅಂತ. ಹಾಗಂದವಳು ನನಗೆ ಹತ್ತಿರದ ಸಂಬಂಧ. ಇರಲಿ ಬಿಡಿ.

ಆಮೇಲೆ ಯಾರನ್ನೂ ಕೇಳಲಿಲ್ಲ. ಇವರ ಗೆಳೆಯರೊಬ್ಬರು ಮೆಡಿಕಲ್‌ನಿಂದ ಮಾತ್ರೆ ತಂದುಕೊಟ್ಟರು. ಆ ರಾತ್ರಿ ಇವರಿಗೆ ತಲೆ ಸಿಡಿಯುವ ನೋವು. ಮುಖ ಕೆಂಪಗಾಯಿತು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಸತ್ತೇ ಹೋಗುತ್ತಾರೆ ಅಂದುಕೊಂಡೆ. ಆದರೂ 108ಕ್ಕೆ ಫೋನ್ ಮಾಡಲಿಲ್ಲ. ಏನಂತ ಹೇಳಲಿ? ಗಾಬರಿಯಲ್ಲಿ ಎತ್ತಿ ಕೂರಿಸಿದೆ. ನಿಧಾನಕ್ಕೆ ಇಳಿಯಿತು.

ಕೂರಿಸಿದ್ದೇ ಸರಿ ಅಂತ ಗೊತ್ತಾಗಿದ್ದು ಬೆಂಗಳೂರಿನಲ್ಲಿ. ಅಲ್ಲೊಬ್ಬ ಡಾಕ್ಟರಮ್ಮ ಬಾಗಿಲು ಹಾಕಿ ಹೇಳಿದರು. ಟಿ-6 ಅಥವಾ ಅದಕ್ಕಿಂತ ಮೇಲೆ ಏಟಾದವರಿಗೆ ಗಂಡ ಹೆಂಡತಿ ಸೇರಿದಾಗ ಬಿಪಿ ಏಕ್‌ದಂ ಏರಬಹುದಂತೆ. ಮೊದಲೇ ಮೂತ್ರ ತೆಗೆದಿರಬೇಕು. ಏರಿದರೆ ಎಲ್ಲ ನಿಲ್ಲಿಸಿ ಕೂರಿಸಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಗೆಳೆಯರು ತಂದಿದ್ದ ಆ ಸಿಲ್ಡೆನಾಫಿಲ್ ಮಾತ್ರೆ, ಗಂಡಸರ ನಿಮಿರುವಿಕೆಗೆ ಕೊಡುವುದು, ಇಂಥ ಎಷ್ಟೋ ಜನರಿಗೆ ಕೆಲಸ ಮಾಡುತ್ತದೆ. ಆದರೆ ತಗೊಂಡಿದ್ದನ್ನು ನಾಚಿಕೆಗೆ ಮುಚ್ಚಿಟ್ಟು, ಆಸ್ಪತ್ರೆಯವರು ಬಿಪಿ ಇಳಿಸೋಕೆ ನೈಟ್ರೇಟ್ ಕೊಟ್ಟರೆ ಜೀವಕ್ಕೇ ಅಪಾಯ. ವೀರ್ಯ ತಾನಾಗಿ ಬರದಿದ್ದರೆ ವೈಬ್ರೇಟರ್ ಯಂತ್ರ ಇದೆ. ಟಿ-10ಕ್ಕಿಂತ ಮೇಲೆ ಏಟಾದವರಿಗೆ ಅದು ಜಾಸ್ತಿ ಉಪಯೋಗ. ಇವರಂಥವರು ಮೊದಲು ಡಾಕ್ಟರ ಎದುರು, ಬಿಪಿ ನೋಡಿಕೊಂಡೇ ಮಾಡಬೇಕು. ಹೆಂಗಸರಿಗೆ ಏಟಾಗಿದ್ದರೆ ಮುಟ್ಟು ಕೆಲವು ತಿಂಗಳು ನಿಂತರೂ ಸಾಮಾನ್ಯವಾಗಿ ಮತ್ತೆ ಬರುತ್ತದೆ, ಬಸುರಿಯೂ ಆಗಬಹುದು.

ಇಷ್ಟೇ ಸರ್. ಹತ್ತು ನಿಮಿಷದ ಮಾತು. ಅದಕ್ಕೆ ನಾವು ಬಾಡಿಗೆ ಕಾರು, ಲಾಡ್ಜು ಅಂತ ಒಂಬತ್ತು ಸಾವಿರ ಕೊಟ್ಟೆವು. ಅದೂ ಸಂಘದ ಸಾಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನಿಮಗೆ ನಾನು ಹೇಳಿಕೊಡಬೇಕಾ? ಸೆಕ್ಷನ್ 25ರಲ್ಲಿ ಲೈಂಗಿಕ ಮತ್ತು ಸಂತಾನ ಆರೋಗ್ಯ ಸೇವೆ ಅಂತ ಬರೆದೇ ಇದೆ. ಸಂತಾನ, ಕುಟುಂಬ ಯೋಜನೆಯ ಮಾಹಿತಿ ಸಿಗಬೇಕು ಅನ್ನುವ ಸೆಕ್ಷನ್ 10 ಕೂಡ ನೀವು ಓದಿರುತ್ತೀರಿ. ಇವರು ಬೀಳುವ ಮೊದಲು ಆಶಾ ಅಕ್ಕ ಮನೆಗೇ ಬಂದು ನಿರೋಧ್ ಕೊಟ್ಟು ಹೋಗುತ್ತಿದ್ದರು. ಆಗ ನಾವು ಕುಟುಂಬ ಯೋಜನೆಯ ಪಟ್ಟಿಯಲ್ಲಿ ‘ಅರ್ಹ ದಂಪತಿ’. ಬಿದ್ದ ಮೇಲೆ ಇವರು ರೋಗಿ, ನಾನು ಆಯಾ.

ಅದಕ್ಕೇ ಮತ್ತೆ ಕೇಳುತ್ತೇನೆ, ಒಂದು ಕೋಣೆ ಕೊಡಿ. ಹೊಸ ಕಟ್ಟಡ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಈ ವಿಷಯ ಗೊತ್ತಿರುವ, ನಗದೆ ಮಾತಾಡುವ ಒಬ್ಬ ಡಾಕ್ಟರನ್ನು ಅಲ್ಲಿ ಕೂರಿಸಿ. ಹೆಂಗಸರಿಗೆ ಹೆಂಗಸೇ ಸಿಕ್ಕರೆ ಇನ್ನೂ ಒಳ್ಳೇದು. ಡಿಸ್ಚಾರ್ಜ್ ಆಗುವಾಗಲೇ ಆ ಕೋಣೆಯ ವಿಷಯ ಚೀಟಿಯಲ್ಲಿ ಬರೆದುಕೊಡಿ. ನಾವಾಗಿ ಬಾಯಿ ಬಿಟ್ಟು ಕೇಳೋಕೆ ಆಗಲ್ಲ ಸರ್.

ಈ ವರ್ಷ ನಮ್ಮ ಪಕ್ಕದ ತೋಟದಲ್ಲಿ ಮೆಣಸು ಕುಯ್ಯುವಾಗ ಏಣಿ ಜಾರಿ ಒಬ್ಬ ಹುಡುಗ ಬಿದ್ದಿದ್ದಾನೆ. ಅವನದೂ ಬೆನ್ನುಹುರಿ. ಮದುವೆಯಾಗಿ ಎಂಟು ತಿಂಗಳು. ಮೊನ್ನೆ ಅವನ ಹೆಂಡತಿ ಬಂದು ನಮ್ಮ ಜಗಲಿಯಲ್ಲಿ ಸುಮ್ನೆ ಕೂತಿದ್ದಳು. ಕಾಫಿ ಕುಡಿದಳು, ಲೋಟ ತಾನೇ ತೊಳೆದಿಟ್ಟಳು, ಮತ್ತೆ ಬಂದು ಕೂತಳು. ಏನು ಕೇಳೋಕೆ ಬಂದಿದ್ದಳು ಅಂತ ನನಗೆ ಗೊತ್ತು. ಅವಳನ್ನು ಎಲ್ಲಿಗೆ ಕಳಿಸಲಿ? ದಿನ ಯಾವುದು, ಕೋಣೆ ನಂಬರ್ ಎಷ್ಟು, ತಿಳಿಸಿ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಹೆಣ್ಣುಮಗಳು